ಕೆಲಸ ಬಿಟ್ಟ ಮೇಲೆ ಆರೋಗ್ಯ ವಿಮೆ: ಮೈಗ್ರೇಷನ್ನಾ, ಹೊಸ ಪಾಲಿಸಿಯಾ, ಹೆಂಡತಿ ಆಫೀಸಿನದ್ದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಗ್ರೇಷನ್‌ಗೆ. ಅಂದರೆ ಆಫೀಸಿನ ಗ್ರೂಪ್ ಪಾಲಿಸಿ ಯಾವ ವಿಮಾ ಕಂಪನಿಯದ್ದೋ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಹೋಗುವುದು. ಮನೆಯಲ್ಲಿ ಶುಗರ್, ಬಿಪಿ ಇರುವ ಹಿರಿಯರಿದ್ದರೆ ಮೊದಲು ಇದನ್ನೇ ಕೇಳಿ. ಇಷ್ಟು ಹೊಗಳಿದ ಮೇಲೂ, ಅದಕ್ಕಾಗಿ ನಾನು ಕಳಿಸಿದ ಮೇಲ್‌ಗಳನ್ನು ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನ ಐಟಿ ಕೆಲಸ ಬಿಟ್ಟು ಸ್ವಂತಕ್ಕೆ ಏನಾದರೂ ಮಾಡೋಣ ಅಂತ ಹೊರಟಾಗ ನಾನು, ಹೆಂಡತಿ, ಮಗಳು, ಅಮ್ಮ ನಾಲ್ಕೂ ಜನ ನನ್ನ ಆಫೀಸಿನ 5 ಲಕ್ಷದ ಕವರ್‌ನಲ್ಲಿದ್ದೆವು. ಗ್ರೂಪ್ ಪಾಲಿಸಿಯ ಸುಖವೇ ಬೇರೆ. ನಮ್ಮದರಲ್ಲಿ ಮೊದಲ ದಿನದಿಂದಲೇ ಹಳೇ ಕಾಯಿಲೆಗೂ ದುಡ್ಡು ಸಿಗುತ್ತಿತ್ತು, ಮೆಡಿಕಲ್ ಟೆಸ್ಟ್ ಅನ್ನುವುದೇ ಇರಲಿಲ್ಲ, ಪ್ರೀಮಿಯಂ ಎಷ್ಟು ಅಂತ ಕೇಳಿದವರೂ ಇಲ್ಲ. ಆದರೆ ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಸಂಜೆಗೆ ಅದೂ ಮುಗಿಯಿತು. ಹಾಗಾಗಿ ಮಾಡುವುದನ್ನೆಲ್ಲ ನೋಟಿಸ್ ಪೀರಿಯಡ್‌ನಲ್ಲೇ ಶುರುಮಾಡಬೇಕು.

ಹೊಸ ಪಾಲಿಸಿ ತಗೊಳ್ಳುವುದು ಎಲ್ಲಕ್ಕಿಂತ ಸುಲಭ, ಫೋನಿನಲ್ಲೇ ಆಗುತ್ತದೆ. ತೊಂದರೆ ಇರುವುದು ಕಾಯುವುದರಲ್ಲಿ. ಅಪಘಾತ ಬಿಟ್ಟರೆ ಮೊದಲ 30 ದಿನ ಯಾವ ಕಾಯಿಲೆಗೂ ಕ್ಲೈಮ್ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಆಪರೇಷನ್ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಇದು ಮುಂಚೆ 4 ವರ್ಷ ಇತ್ತು, 2024ರಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಇಳಿಸಿತು. ನಮ್ಮ ಮೂವರಿಗೆ ಇದೆಲ್ಲ ಪರವಾಗಿಲ್ಲ. ಅರವತ್ತು ದಾಟಿದ, ಹತ್ತಾರು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿರುವ ಅಮ್ಮನಿಗೆ? ಒಂದು ಕಡೆ ಅರ್ಜಿ ಹಾಕಿಯೂ ನೋಡಿದೆ. ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಪ್ರೀಮಿಯಂ ಮೇಲೆ ಲೋಡಿಂಗ್, ಅಂದರೆ ಕಾಯಿಲೆ ಇದೆ ಅಂತ ಹೆಚ್ಚುವರಿ ಮೊತ್ತ, ಹಾಕಿದರು, ಜೊತೆಗೆ ಪೂರ್ತಿ 3 ವರ್ಷ ಕಾಯಿರಿ ಅಂದರು. ಅಂದರೆ ಯಾವ ಕಾಯಿಲೆಗೆ ಭಯಪಟ್ಟು ವಿಮೆ ಮಾಡಿಸುತ್ತೇವೋ ಅದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕವರ್! ಸುಮ್ನೆ ಕೈಬಿಟ್ಟೆ.

ಹೆಂಡತಿ ಆಫೀಸಿನ ಪಾಲಿಸಿ ಹೆಚ್ಚುಕಮ್ಮಿ ಪುಕ್ಕಟೆ. ಆದರೆ ಮದುವೆಯಾದಾಗ, ಮಗು ಹುಟ್ಟಿದಾಗ ಬಿಟ್ಟರೆ ವರ್ಷದ ಮಧ್ಯೆ ಯಾರನ್ನೂ ಸೇರಿಸುವ ಹಾಗಿಲ್ಲ ಅಂದರು. ಗಂಡ ಕೆಲಸ ಬಿಟ್ಟಿದ್ದು ಆ ಪಟ್ಟಿಯಲ್ಲಿಲ್ಲ. ಅವರ ಪಾಲಿಸಿ ರಿನ್ಯೂವಲ್ ಹತ್ತಿರದಲ್ಲೇ ಇದ್ದದ್ದು ನಮ್ಮ ಪುಣ್ಯ. ಅಮ್ಮನ ವಿಷಯದಲ್ಲಿ ಇನ್ನೊಂದು ತೊಡಕು: ಸ್ವಂತ ಅಪ್ಪ ಅಮ್ಮ ಅಥವಾ ಅತ್ತೆ ಮಾವ, ಎರಡರಲ್ಲಿ ಒಂದು ಜೋಡಿ ಮಾತ್ರ. ಅವಳ ಅಪ್ಪ ಅಮ್ಮ ಆಗಲೇ ಅದರಲ್ಲಿದ್ದಾರೆ. ಅವರನ್ನು ತೆಗೆದು ನಮ್ಮಮ್ಮನನ್ನು ಹಾಕು ಅಂತ ಯಾವ ಬಾಯಲ್ಲಿ ಕೇಳುವುದು?

ಉಳಿದದ್ದು ಮೈಗ್ರೇಷನ್. ಗ್ರೂಪ್ ಪಾಲಿಸಿಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆ, ಅದಕ್ಕೇ ನನಗೆ ಇಷ್ಟ. ವಿಮಾ ಕಂಪನಿಯವರು ಆರೋಗ್ಯ ವಿಚಾರಿಸುತ್ತಾರೆ, ಪ್ರೀಮಿಯಂ ಹೊಸ ಪಾಲಿಸಿಯದ್ದೇ ಇರುತ್ತದೆ, ಆದರೆ ಸೊನ್ನೆಯಿಂದ ಶುರುಮಾಡುವುದು ತಪ್ಪುತ್ತದೆ. ಒಂದು ಮಾತು ನೆನಪಿರಲಿ, ಈ ಲಾಭ ಹಳೇ ಕವರ್‌ನಷ್ಟಕ್ಕೆ ಮಾತ್ರ. ಅಮ್ಮನಿಗೆ 10 ಲಕ್ಷದ ಪಾಲಿಸಿ ಮಾಡಿಸಿದೆ, ಅದರಲ್ಲಿ ಮೊದಲ 5 ಲಕ್ಷಕ್ಕೆ ಹಳೇ ವರ್ಷಗಳು ಸಿಕ್ಕವು, ಮೇಲಿನ 5 ಲಕ್ಷಕ್ಕೆ ಹೊಸದಾಗಿ ಕಾಯಬೇಕು.

ಈಗ ಆ ತಲೆನೋವಿನ ಕಥೆ. ಮೈಗ್ರೇಷನ್‌ಗೆ ಬೇಕಾದ ಮುಖ್ಯ ಕಾಗದ, ಇಂಥವರು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಗ್ರೂಪ್ ಪಾಲಿಸಿಯಲ್ಲಿದ್ದರು ಅನ್ನುವ ಒಂದು ಪತ್ರ. ಎಚ್‌ಆರ್‌ಗೆ ಕೇಳಿದರೆ ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಸಂಸ್ಥೆ) ಕೊಡುತ್ತಾರೆ ಅಂದರು. ಟಿಪಿಎಯವರು ನಮ್ಮ ಕೆಲಸ ಕ್ಲೈಮ್ ನೋಡುವುದಷ್ಟೇ, ಆಫೀಸಿಗೆ ಪಾಲಿಸಿ ಮಾಡಿಸಿಕೊಟ್ಟ ಬ್ರೋಕರ್‌ನ ಕೇಳಿ ಅಂದರು. ಬ್ರೋಕರ್ ಆಫೀಸಿನ ಹುಡುಗ ಬಹಳ ಮರ್ಯಾದೆಯಿಂದ, "ಸರ್, ನಿಮ್ಮ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರಬೇಕು" ಅಂದ. ಎಚ್‌ಆರ್‌ನವರು ಆಫೀಸಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಟಿಕೆಟ್ (ಕೋರಿಕೆ) ಹಾಕಿ ಅಂದರು, ಹಾಕಿದೆ, ಪರಿಹಾರವಾಗಿದೆ ಅಂತ ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ಹಾಕಿದೆ.

ಇದರ ಮೇಲೆ ಇನ್ನೊಂದು ಸೇರಿಕೊಂಡಿತು. ನಮ್ಮ ಆಫೀಸು ನಡುವೆ ವಿಮಾ ಕಂಪನಿ ಬದಲಾಯಿಸಿತ್ತು. ಎಲ್ಲಿ ಕಡಿಮೆಗೆ ಸಿಕ್ಕಿತೋ ಅಲ್ಲಿ, ಅಷ್ಟೇ. ಈಗಿನ ಕಂಪನಿಯವರು ತಮ್ಮ ದಾಖಲೆಯಲ್ಲಿ ಇದ್ದ ವರ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಹಿಂದಿನದಕ್ಕೆ ಸಾಕ್ಷಿ ಕೊಡಿ ಅಂದರು. ಪ್ರತಿ ವರ್ಷದ ವಿಮೆ ಇ-ಕಾರ್ಡ್ ನಾನು ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳುತ್ತಿದ್ದೆ, ಅಮ್ಮನ ಹೆಸರು, ಪಾಲಿಸಿ ನಂಬರ್, ತಾರೀಖು ಎಲ್ಲ ಅದರಲ್ಲಿತ್ತು. ಅದೊಂದು ಕೈಹಿಡಿಯಿತು. ಆಫೀಸಿನ ಲಾಗಿನ್ ಹೋದ ಮೇಲೆ ಇ-ಕಾರ್ಡ್ ಸಿಗುವ ಪೋರ್ಟಲ್ ತೆರೆಯುವುದೇ ಇಲ್ಲ, ಹಾಗಾಗಿ ರಾಜೀನಾಮೆ ಕೊಡುವ ಮುಂಚೆಯೇ ಎಲ್ಲ ಇಳಿಸಿಕೊಳ್ಳಿ. ಕೊನೆಗೆ ಆ ಪತ್ರ ಬಂದದ್ದು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದ ಮೇಲೆ. ಅಷ್ಟೆಲ್ಲ ಆದಮೇಲೆ ಬಂದ ಪತ್ರ ಅರ್ಧ ಪುಟ. ಅದರಲ್ಲೂ ಅಮ್ಮನ ಹುಟ್ಟಿದ ತಾರೀಖು ತಪ್ಪು!

ಅಮ್ಮನಿಗೆ ಪಾಲಿಸಿ ಹುಡುಕುವಾಗ ರೂಮ್ ಬಾಡಿಗೆ ಮಿತಿ ಇಲ್ಲದ್ದನ್ನೇ ಆರಿಸಿದೆ. ದಿನಕ್ಕೆ 5,000 ಮಿತಿ ಇದ್ದು 8,000ದ ರೂಮ್ ತಗೊಂಡರೆ ಬರೀ ಮೂರು ಸಾವಿರವಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಿಗೂ ಅದೇ ಅನುಪಾತದಲ್ಲಿ ಕತ್ತರಿ ಬೀಳುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದು ನುಂಗಲಾರದ ತುತ್ತು.

ಪ್ರೀಮಿಯಂ ಜಾಸ್ತಿಯೇ, 30,000 ದಾಟಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗಳ ಮೇಲಿನ 18% ಜಿಎಸ್‌ಟಿ ಹೋಗಿರುವುದು ಸ್ವಲ್ಪ ಸಮಾಧಾನ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಹಿರಿಯ ನಾಗರಿಕರಾದ ಅಪ್ಪ ಅಮ್ಮನ ಪ್ರೀಮಿಯಂಗೆ ತೆರಿಗೆ ಲೆಕ್ಕದ ಆದಾಯದಲ್ಲಿ 50,000ದವರೆಗೆ ಕಡಿತ ಸಿಗುತ್ತದೆ, ಹೊಸ ಪದ್ಧತಿಯಲ್ಲಿ ಇಲ್ಲ.

ನಮ್ಮ ಮೂವರಿಗೆ ಮಾತ್ರ ಹೆಂಡತಿ ಆಫೀಸಿನ ಕವರ್, ಅದರ ಮೇಲೆ ಒಂದು ಸೂಪರ್ ಟಾಪ್-ಅಪ್, ಅಂದರೆ ಬಿಲ್ಲು ಒಂದು ಮಿತಿ ದಾಟಿದ ಮೇಲಿನ ಖರ್ಚಿಗೆ ಮಾತ್ರ ದುಡ್ಡು ಕೊಡುವ ಪಾಲಿಸಿ. ಸಂಬಳ ನಿಂತ ಮನೆಯಲ್ಲಿ ಎರಡು ದೊಡ್ಡ ಪ್ರೀಮಿಯಂ ಕಟ್ಟಲು ನನ್ನಿಂದ ಆಗದು. ತಗೊಳ್ಳುವಾಗ ಬರೀ ಟಾಪ್-ಅಪ್ ಅಲ್ಲ, ಸೂಪರ್ ಟಾಪ್-ಅಪ್ ಅಂತ ಕೇಳಿ. ಅದು ವರ್ಷದ ಎಲ್ಲ ಬಿಲ್ಲು ಸೇರಿಸಿ ಮಿತಿ ದಾಟಿತಾ ಅಂತ ನೋಡುತ್ತದೆ, ಬರೀ ಟಾಪ್-ಅಪ್ ಪ್ರತಿ ಸಲದ ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ. ಕಾಗದ ಎತ್ತಿಡುವ ಅಭ್ಯಾಸವಿಲ್ಲದ, ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲದ ಇಪ್ಪತ್ತೈದರ ಹುಡುಗರಿಗೆ ಹೊಸ ಪಾಲಿಸಿಯೇ ಸಾಕು, ಮೈಗ್ರೇಷನ್ ಅಂತ ಅಲೆಯಬೇಡಿ.

ಪಿಎಫ್ ಜೊತೆ ಬರುವ 7 ಲಕ್ಷದವರೆಗಿನ ಇಡಿಎಲ್‌ಐ ಜೀವ ವಿಮೆಯೂ ಕೆಲಸದ ಜೊತೆಗೇ ಹೋಗುತ್ತದೆ, ಟರ್ಮ್ ಪಾಲಿಸಿ ಬೇಕಿದ್ದರೆ ಸಂಬಳದ ಸ್ಲಿಪ್ ಇರುವಾಗಲೇ ಮಾಡಿಸಿ.

ಅಮ್ಮನ ಪಾಲಿಸಿಯನ್ನು ಮುಂದಿನ ವರ್ಷ ಬೇರೆ ಕಂಪನಿಗೆ ಪೋರ್ಟ್ ಮಾಡಬೇಕಾ ಅಂತ ಇನ್ನೂ ತೀರ್ಮಾನಿಸಿಲ್ಲ. ರಿನ್ಯೂವಲ್‌ಗೆ 45 ದಿನ ಮುಂಚೆ ಅರ್ಜಿ ಹಾಕಬೇಕು. ಮೊದಲು ಆ ಹುಟ್ಟಿದ ತಾರೀಖು ಸರಿ ಮಾಡಿಕೊಡಲಿ.