ಹುಳು ಮನೆಯಲ್ಲಿ ಎರಡು ವರ್ಷ: ಧ್ವನಿ ಸಹಾಯಕ ಆ್ಯಪ್‌ನ ಬಳಕೆದಾರರ ವಿಮರ್ಶೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ನಾವು ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆಯ ಒಳಗೆ ಕಾಲಿಡುವ ಮುನ್ನ ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕು, ಒಳಗೆ ಹೋದ ಮೇಲೆ ಎರಡೂ ಕೈಗಳು ಹಿಪ್ಪುನೇರಳೆ ಸೊಪ್ಪಿನ ರೆಂಬೆಗಳಲ್ಲೋ ಸುಣ್ಣದ ಪುಡಿಯಲ್ಲೋ ಇರುತ್ತವೆ. ನಡುವೆ ಫೋನ್ ಮುಟ್ಟಿದರೆ ಮತ್ತೆ ಹೊರಗೆ ಬಂದು ಕೈ ತೊಳೆದು ಹೋಗಬೇಕು. ಸುಣ್ಣದಿಂದ ಒರಟಾದ ಬೆರಳಿನ ಗುರುತನ್ನು ಫೋನ್ ಒಪ್ಪಿಕೊಳ್ಳುವುದೂ ಕಷ್ಟ. ಮಾತಿನಲ್ಲಿ ಹೇಳಿದ ಕೆಲಸವನ್ನು ಮಾಡುವ ಸಹಾಯಕ ಆ್ಯಪ್ ಒಂದನ್ನು ಎರಡು ವರ್ಷಗಳಿಂದ ಬಿಡದೆ ಬಳಸುತ್ತಿರುವುದು ಈ ಕಾರಣಕ್ಕೆ. ಫೋನ್ ಕೊಂಡಾಗಲೇ ಅದರಲ್ಲಿದ್ದ ಆ್ಯಪ್ ಇದು, ಪ್ರತ್ಯೇಕವಾಗಿ ಹಣ ಕೊಟ್ಟಿಲ್ಲ. ಐದರಲ್ಲಿ ನಾನು ಇದಕ್ಕೆ ಮೂರು ಅಂಕ ಕೊಡುತ್ತೇನೆ. ಆ ಮೂರರಲ್ಲಿ ಎರಡು ಗಡಿಯಾರದ ಕೆಲಸಕ್ಕೆ ಸಲ್ಲಬೇಕು.

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ, ರೇಷ್ಮೆ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ಹಣ್ಣಾಗುವುದು ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ಹಣ್ಣಾಗುವವರೆಗಿನ ಸುಮಾರು ಏಳು ದಿನಗಳಲ್ಲಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಪಾಲನ್ನು ತಿನ್ನುತ್ತದೆ. ಆ ವಾರದಲ್ಲಿ ಹೊತ್ತು ತಪ್ಪುವಂತಿಲ್ಲ. ಸೊಪ್ಪು ಹಾಸುತ್ತಲೇ ‘ಏಳು ಗಂಟೆಗಳ ಟೈಮರ್ ಇಡು’ ಎಂದರೆ ಸಾಕು, ಆ್ಯಪ್ ಕೇಳಿಸಿಕೊಂಡು ಇಟ್ಟುಬಿಡುತ್ತದೆ, ಈ ಎರಡು ವರ್ಷಗಳಲ್ಲಿ ಟೈಮರ್ ವಿಷಯದಲ್ಲಿ ಒಮ್ಮೆಯೂ ತಪ್ಪಿಲ್ಲ. ಅಲಾರಂ ವಿಷಯ ಹಾಗಲ್ಲ. ಮೊದಲ ವರ್ಷ, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ‘ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸು’ ಎಂದು ಹೇಳಿ ಮಲಗಿದೆ. ಆ್ಯಪ್ ಅದನ್ನು ಸಂಜೆ ನಾಲ್ಕೂವರೆ ಎಂದು ಇಟ್ಟಿತ್ತು. ನಾನು ಎದ್ದದ್ದು ಆರೂವರೆಗೆ, ಜ್ವರ ಎದ್ದ ಹುಳು ಎರಡು ಗಂಟೆಗಳ ಕಾಲ ತಲೆ ಎತ್ತಿಕೊಂಡು ಸೊಪ್ಪಿಗೆ ಕಾದಿತ್ತು. ಆ ಬೆಳೆಯಲ್ಲಿ ಹುಳುಗಳು ಒಂದೇ ಸಮನಾಗಿ ಹಣ್ಣಾಗಲಿಲ್ಲ. ಅದಕ್ಕೆ ಆ ಒಂದು ಹೊತ್ತಿನ ಸೊಪ್ಪೇ ಕಾರಣವೆಂದು ಹೇಳಲಾರೆ, ಆದರೂ ಅಂದಿನಿಂದ ಹೊತ್ತನ್ನು ಹೇಳುವ ರೀತಿಯನ್ನೇ ಬದಲಿಸಿಕೊಂಡೆ. ನಾವು ಸಹಜವಾಗಿ ಆಡುವ ‘ಜಾವ’, ‘ಮುಕ್ಕಾಲು’, ‘ನಾಳಿದ್ದು’ ಇವುಗಳಲ್ಲಿ ಒಂದಲ್ಲ ಒಂದು ಜಾರಿಹೋಗುವ ಸಾಧ್ಯತೆ ಇರುವುದರಿಂದ ‘ಬೆಳಿಗ್ಗೆ ನಾಲ್ಕು ಗಂಟೆ ಮೂವತ್ತು ನಿಮಿಷ’ ಎಂದು ಬಿಡಿಸಿ ಹೇಳುತ್ತೇನೆ, ಇಟ್ಟ ಮೇಲೆ ಅದರ ಬಾಯಿಂದಲೇ ಮರಳಿ ಹೇಳಿಸುತ್ತೇನೆ. ಸಾಧ್ಯವಾದ ಕಡೆಯೆಲ್ಲ ಅಲಾರಂ ಬದಲು ಟೈಮರನ್ನೇ ಇಡುತ್ತೇನೆ, ಏಕೆಂದರೆ ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ ಹಗಲು ರಾತ್ರಿಯ ಗೊಂದಲಕ್ಕೆ ಎಡೆಯಿಲ್ಲ.

ಎರಡನೆಯ ಉಪಯೋಗ ಬೆಳೆಯ ದಿನಚರಿ. ಚಾಕಿ ಹುಳು, ಅಂದರೆ ಎಳೆಯ ಹುಳು, ತಂದ ದಿನ, ಪ್ರತಿ ಜ್ವರಕ್ಕೆ ಕೂತ ಹೊತ್ತು, ಎದ್ದ ಹೊತ್ತು, ಒಳಗಿನ ಉಷ್ಣಾಂಶ, ಇವನ್ನೆಲ್ಲ ಹಿಂದೆ ಕ್ಯಾಲೆಂಡರ್‌ನ ಅಂಚಿನಲ್ಲಿ ಬರೆಯುತ್ತಿದ್ದೆವು, ಅರ್ಧ ಮರೆತುಹೋಗುತ್ತಿತ್ತು. ಈಗ ‘ಬರೆದುಕೋ’ ಎಂದು ಹೇಳಿ ಮಾತಾಡಿದರೆ ಟಿಪ್ಪಣಿಯಾಗಿ ಕನ್ನಡ ಅಕ್ಷರದಲ್ಲಿ ಉಳಿಯುತ್ತದೆ. ಕಾಗುಣಿತ ಅಲ್ಲಲ್ಲಿ ಕೆಟ್ಟರೂ ನಮಗೆ ಅರ್ಥವಾಗುತ್ತದೆ. ಹೋದ ಬೇಸಿಗೆಯ ಬೆಳೆಯನ್ನೂ ಈ ಬಾರಿಯ ಬೆಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ನನಗೆ ಮೊದಲ ಬಾರಿಗೆ ಸಾಧ್ಯವಾಗಿದೆ, ಇದನ್ನು ನಾನು ದೊಡ್ಡ ಲಾಭವೆಂದೇ ಎಣಿಸುತ್ತೇನೆ.

ಆದರೆ ಬರೆದುಕೊಳ್ಳುವುದು ಬೇರೆ, ತಿಳಿದುಕೊಳ್ಳುವುದು ಬೇರೆ. ‘ಹುಳು ಮೂರನೇ ಜ್ವರಕ್ಕೆ ಕೂತಿದೆ, ಸುಣ್ಣ ಯಾವಾಗ ಹಾಕಬೇಕು’ ಎಂದು ಕೇಳಿದಾಗ ಆ್ಯಪ್ ಮನುಷ್ಯರ ಜ್ವರದ ಬಗ್ಗೆ ಹೇಳಿ, ವೈದ್ಯರನ್ನು ಕಾಣುವಂತೆ ಸಲಹೆ ಕೊಟ್ಟಿತು. ‘ಹುಳು ಹಣ್ಣಾಗಿದೆ’ ಎಂದರೆ ಹಣ್ಣಿನ ಕಡೆಗೆ ಹೋಯಿತು, ‘ಗೂಡು’ ಎಂದರೆ ಹಕ್ಕಿಯ ಗೂಡು ಎಂದು ತಿಳಿಯಿತು. ಸುಣ್ಣಕಟ್ಟು ರೋಗ ಎಂಬುದು ಶಿಲೀಂಧ್ರದಿಂದ ಬರುವ ರೋಗ, ತಂಪು ಮತ್ತು ತೇವ ಹೆಚ್ಚಾದಾಗ ಹರಡುತ್ತದೆ, ಅದರ ಬಗ್ಗೆ ಕೇಳಿದರೆ ಗೋಡೆಗೆ ಸುಣ್ಣ ಬಳಿಯುವ ವಿಧಾನ ಬಂತು. ‘ರೇಷ್ಮೆ ಹುಳುವಿಗೆ’ ಎಂದು ಮೊದಲೇ ಸೇರಿಸಿ ಕೇಳಿದರೆ ಉತ್ತರ ಸುಧಾರಿಸುತ್ತದೆ ಎಂಬುದನ್ನು ಕ್ರಮೇಣ ಕಂಡುಕೊಂಡೆ. ಹಾಗಿದ್ದರೂ ರೋಗದ ವಿಷಯದಲ್ಲಿ ಅದರ ಮಾತನ್ನು ನಂಬಿ ಔಷಧಿ ಹಾಕುವ ಧೈರ್ಯ ನನಗಿಲ್ಲ. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರಿಗೆ ಹುಳುವನ್ನು ತೋರಿಸುವುದನ್ನು ಬಿಟ್ಟಿಲ್ಲ.

ಈ ಕೊರತೆಗೆ ಇತಿಹಾಸವೂ ಒಂದು ಕಾರಣವಿರಬೇಕು. 2011ರ ಅಕ್ಟೋಬರ್‌ನಲ್ಲಿ ಐಫೋನ್ 4ಎಸ್ ಜೊತೆಗೆ ಸಿರಿ ಎಂಬ ಧ್ವನಿ ಸಹಾಯಕ ಬಂದಾಗ ಅದಕ್ಕೆ ಬರುತ್ತಿದ್ದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳು ಮಾತ್ರ. ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ, ಗೂಗಲ್‌ನದೇ ಸಹಾಯಕವಾದ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ತಡವಾಗಿಯಾದರೂ ಕನ್ನಡ ಬಂದಿದೆ. ಇನ್ನು ಬರಬೇಕಾಗಿರುವುದು ಹೊಲದ, ಹುಳು ಮನೆಯ, ಗೂಡಿನ ಮಾರುಕಟ್ಟೆಯ ಕನ್ನಡ, ಅದು ಬರಬೇಕಾದರೆ ಅಂಥ ಕನ್ನಡವನ್ನು ಆಡುವವರ ಧ್ವನಿಯನ್ನು ಅದಕ್ಕೆ ಕೇಳಿಸಬೇಕು.

ನೆಟ್‌ವರ್ಕ್ ಬಗ್ಗೆ ಒಂದು ಮಾತು. ಕರೆದಾಗ ಓಗೊಡುವ ಕೆಲಸ ಫೋನಿನಲ್ಲೇ ನಡೆಯುತ್ತದೆ, ಆದರೆ ಆಮೇಲೆ ನಾವು ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ದೂರದ ಸರ್ವರ್‌ನಿಂದ ಬರಬೇಕು. ತಗಡಿನ ಮಾಡಿನ ಕೆಳಗೆ ಸಿಗ್ನಲ್ ಕುಗ್ಗಿದಾಗ ಆ್ಯಪ್ ಓಗೊಟ್ಟು ಸುಮ್ಮನಾಗುವುದು ಇದರಿಂದಲೇ. ಫೋನನ್ನು ಬಾಗಿಲ ಬಳಿಯ ಕಿಟಕಿಯಲ್ಲಿ ಇಟ್ಟರೆ ನಮ್ಮಲ್ಲಿ ಸರಿಹೋಗುತ್ತದೆ. ನಾವು ಆಡಿದ ಮಾತಿನ ದಾಖಲೆ ಖಾತೆಯಲ್ಲಿ ಉಳಿಯುತ್ತಿದೆಯೇ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ ಅಳಿಸಬಹುದು. ಹಣದ ಮಾತು, ಮನೆಯ ಮಾತು ನಡೆಯುವ ಜಾಗದಲ್ಲಿ ಫೋನ್ ಇಡುವವರು ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು ಎಂದು ಒತ್ತಿ ಹೇಳುತ್ತೇನೆ.

ನನಗಿಂತಲೂ ಅಮ್ಮನಿಗೆ ಈ ಆ್ಯಪ್ ಹೆಚ್ಚು ಬೇಕಾಗಿತ್ತು. ಅವರಿಗೆ ಓದು ಬರುವುದಿಲ್ಲ. ನಮ್ಮ ಭಾಗದ ಅನೇಕ ಮನೆಗಳಂತೆ ನಮ್ಮದೂ ಕನ್ನಡ ತೆಲುಗು ಎರಡೂ ಆಡುವ ಮನೆ. ಅಮ್ಮ ಕನ್ನಡದಲ್ಲಿ ಶುರುಮಾಡಿ ‘ಕೂತುರಿಕಿ ಫೋನ್ ಚೆಯ್ಯಮ್ಮ’ (ಮಗಳಿಗೆ ಫೋನ್ ಮಾಡಮ್ಮ) ಎಂದು ತೆಲುಗಿನಲ್ಲಿ ಮುಗಿಸುತ್ತಾರೆ, ಕನ್ನಡಕ್ಕೆ ಹೊಂದಿಸಿದ ಆ್ಯಪ್‌ಗೆ ಆ ಮಾತು ಹತ್ತುವುದಿಲ್ಲ. ಇನ್ನೊಂದು ತೊಡಕು ನನ್ನಿಂದಲೇ ಆದದ್ದು. ಫೋನಿನಲ್ಲಿ ಎಲ್ಲರ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿದ್ದೆ, ಅಮ್ಮ ಕರೆಯುವ ಹೆಸರಿಗೂ ಅಲ್ಲಿದ್ದ ಹೆಸರಿಗೂ ತಾಳೆಯಾಗದೆ ಕರೆ ಯಾರಿಗೋ ಹೋಗುತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ಸಂಜೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಬೇಕಾದ ಆರು ಜನರನ್ನು ಅವರು ಹೇಗೆ ಕರೆಯುತ್ತಾರೋ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದು ಉಳಿಸಿದೆ: ‘ಚಿಕ್ಕಮ್ಮಿ’, ‘ಸೊಪ್ಪಿನ ಅಣ್ಣ’, ‘ಊರ ಮಾವ’, ಹೀಗೆ. ಆ ಆರು ಹೆಸರುಗಳಲ್ಲಿ ಐದಕ್ಕೆ ಈಗ ಕರೆ ಸರಿಯಾಗಿ ಹೋಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು, ಚಿಂತಾಮಣಿಯಲ್ಲಿರುವ ನನ್ನ ತಂಗಿಗೆ ಅಮ್ಮ ಯಾರನ್ನೂ ಕೇಳದೆ ತಾವೇ ಫೋನ್ ಮಾಡುತ್ತಾರೆ.