ರೂಗರ್ 10/22: ತೋಟಾ ಸಿಕ್ಕಿಕೊಂಡರೆ ಮೊದಲು ಮ್ಯಾಗಜೀನ್ ನೋಡಿ

1964ರಿಂದ ಅಮೆರಿಕದಲ್ಲಿ ತಯಾರಾಗುತ್ತಿರುವ ಈ ಸೆಮಿ-ಆಟೊಮ್ಯಾಟಿಕ್ (ಪ್ರತಿ ಗುಂಡಿನ ನಂತರ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ) ಬಂದೂಕು .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾ ಬಳಸುತ್ತದೆ. ಇದರ ಜೀವಾಳ 10 ತೋಟಾಗಳ ತಿರುಗುವ ಮ್ಯಾಗಜೀನ್, ಅಂದರೆ ತೋಟಾ ತುಂಬುವ ಡಬ್ಬಿ. ನಿಜಕ್ಕೂ ಅದ್ಭುತ ವಿನ್ಯಾಸ. ಆದರೆ .22 ಗುಂಡಿನ ಮೇಣ, ಮಸಿ ಒಳಗೆ ಅಂಟಿಕೊಂಡರೆ ತೋಟಾ ಹೊತ್ತು ತಿರುಗುವ ರೋಟರ್ ನಿಧಾನವಾಗುತ್ತದೆ, ತೋಟಾ ಸಮಯಕ್ಕೆ ಮೇಲೆ ಬರುವುದಿಲ್ಲ.

ಬಂದೂಕು ಖಾಲಿ ಮಾಡಿ, ಚೇಂಬರನ್ನು (ಗುಂಡು ಹಾರುವಾಗ ತೋಟಾ ಕೂರುವ ಜಾಗ) ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಿ. ಬೇರೊಂದು ಮ್ಯಾಗಜೀನ್ ಹಾಕಿದಾಗ ಸರಿಹೋದರೆ ದೋಷ ಹಳೆಯದರದ್ದೇ. ಅದನ್ನು ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ. ಎಣ್ಣೆ ಸುರಿಯಬೇಡಿ, ಎಣ್ಣೆಗೆ ಮಸಿ ಇನ್ನಷ್ಟು ಮೆತ್ತುತ್ತದೆ. ಮರಳಿ ಜೋಡಿಸುವಾಗ ರೋಟರ್ ತಿರುಗಿಸುವ ಸ್ಪ್ರಿಂಗಿಗೆ ಸುಮಾರು ಒಂದೂಕಾಲು ಸುತ್ತು ಬಿಗಿ ಸಾಕು. ಸಡಿಲವಾದರೆ ಕೊನೆಯ ತೋಟಾಗಳು ಸೋಲುತ್ತವೆ, ಅತಿಯಾದರೆ ತುಂಬಿಸುವುದೇ ಕಷ್ಟ.

ಮ್ಯಾಗಜೀನ್ ಬದಲಿಸಿದರೂ ತೊಂದರೆ ನಿಲ್ಲದಿದ್ದರೆ ತೋಟಾ ಬದಲಿಸಿ. ಇದು ಬ್ಲೋಬ್ಯಾಕ್ ಯಂತ್ರ, ಅಂದರೆ ತೋಟಾದ ಒತ್ತಡವೇ ಬೋಲ್ಟನ್ನು (ಚೇಂಬರಿನ ಹಿಂಬದಿ ಮುಚ್ಚುವ, ಹಿಂದೆ-ಮುಂದೆ ಚಲಿಸುವ ಭಾಗ) ಹಿಂದಕ್ಕೆ ತಳ್ಳುತ್ತದೆ; ಶಬ್ದಕ್ಕಿಂತ ಕಡಿಮೆ ವೇಗದ ಸಬ್‌ಸಾನಿಕ್ ತೋಟಾ ಅದನ್ನು ಪೂರ್ತಿ ತಳ್ಳದೇ ಹೋಗಬಹುದು. 40 ಗ್ರೇನ್ ತೂಕದ ಗುಂಡಿನ ಹೈ-ವೆಲಾಸಿಟಿ (ಹೆಚ್ಚು ವೇಗದ) ತೋಟಾ ಹಾಕಿ ನೋಡಿ. ಖಾಲಿ ಕೋಶ ಹೊರಬಾರದೆ ಉಳಿದರೆ ಕೋಶವನ್ನು ಹಿಡಿದು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಕೆಳಗಿನ ಕೊಳೆ, ಚೇಂಬರಿನ ಮಸಿ ತೆಗೆಯಿರಿ.

ಅಂದಹಾಗೆ, ಕೊನೆಯ ಗುಂಡಿನ ನಂತರ ಬೋಲ್ಟ್ ತೆರೆದು ನಿಲ್ಲದಿರುವುದು ದೋಷವಲ್ಲ, ಅದರ ರಚನೆಯೇ ಹಾಗೆ. ಹೊಸಬರಿಗೆ ಧೈರ್ಯವಾಗಿ ಶಿಫಾರಸು ಮಾಡಬಹುದಾದ ಬಂದೂಕು. ಜೊತೆಗೆ ಒಂದು ಹೆಚ್ಚುವರಿ ಮ್ಯಾಗಜೀನ್ ಇರಲಿ.