ನಕ್ಷತ್ರವೋ, ಹೃದಯವೋ: ಎರಡು ಮಾದರಿಗಳ ಹೋಲಿಕೆ

ಸಣ್ಣ ಸಮುದಾಯವೊಂದರ ಆ್ಯಪ್‌ಗಾಗಿ ನಾನು ಎರಡು ಮಾದರಿಗಳನ್ನು ಸಿದ್ಧಪಡಿಸಿ, ಕೆಲವು ವಾರ ಎರಡನ್ನೂ ಸ್ವತಃ ಬಳಸಿದೆ; ಬಳಿಕ ಪರಿಚಿತರ ಕೈಗೂ ಕೊಟ್ಟು ನೋಡಿದೆ. ಮೊದಲನೆಯದರಲ್ಲಿ ಮೆಚ್ಚುಗೆಗೆ ನಕ್ಷತ್ರ, ಮೂರು ಗೆರೆಗಳ ಹಿಂದೆ ಅಡಗಿದ ಮೆನು, ಆ್ಯಪ್ ತಾನೇ ಆಯ್ದು ಜೋಡಿಸುವ ಪೋಸ್ಟ್‌ಗಳು. ಎರಡನೆಯದರಲ್ಲಿ ಹೃದಯ, ಪರದೆಯ ಕೆಳಗೆ ಸದಾ ಕಾಣುವ ಬಟನ್‌ಗಳು, ಹೊಸದು ಮೇಲೆ ಬರುವ ಕಾಲಾನುಕ್ರಮ.

ನನಗೆ ಹೆಚ್ಚು ಕಲಿಸಿದ್ದು ನಕ್ಷತ್ರ. ಒಬ್ಬರು ದೀರ್ಘ ಬರಹವೊಂದರ ಕೆಳಗಿದ್ದ ನಕ್ಷತ್ರವನ್ನು ಒತ್ತಿ, ‘ಇದನ್ನು ರಾತ್ರಿ ಓದುತ್ತೇನೆ’ ಎಂದು ಫೋನ್ ಕೆಳಗಿಟ್ಟರು. ಬರಹವನ್ನು ಎತ್ತಿಟ್ಟುಕೊಂಡೆ ಎಂದು ಅವರು ನಂಬಿದ್ದರು. ಅಷ್ಟರಲ್ಲಿ ಆ್ಯಪ್ ‘ನಿಮ್ಮ ಪೋಸ್ಟ್ ಮೆಚ್ಚಿದ್ದಾರೆ’ ಎಂಬ ಸೂಚನೆಯನ್ನು ಲೇಖಕರಿಗೆ ಕಳುಹಿಸಿಯಾಗಿತ್ತು. ಇದು ಅವರ ತಪ್ಪಲ್ಲ, ಏಕೆಂದರೆ ಇಮೇಲ್‌ನಲ್ಲೂ ಬ್ರೌಸರ್‌ನಲ್ಲೂ ನಕ್ಷತ್ರವೆಂದರೆ ಗುರುತು ಹಾಕಿಟ್ಟುಕೊಳ್ಳುವುದು ಎಂದೇ ಅವರ ಬೆರಳಿಗೆ ರೂಢಿಯಾಗಿದೆ. ಟ್ವಿಟರ್ 2015ರ ನವೆಂಬರ್‌ನಲ್ಲಿ ನಕ್ಷತ್ರದ ಬದಲು ಹೃದಯವನ್ನು ತಂದಾಗ, ಹೊಸಬರಿಗೆ ನಕ್ಷತ್ರ ಗೊಂದಲ ಉಂಟುಮಾಡುತ್ತದೆ ಎಂಬ ಕಾರಣವನ್ನೇ ನೀಡಿತ್ತು. ಆದರೆ ಬರಹಗಳನ್ನು ಆಮೇಲೆ ಓದಲೆಂದು ಎತ್ತಿಡಲು ನಕ್ಷತ್ರವನ್ನು ಬಳಸುತ್ತಿದ್ದವರಿಗೆ ಪ್ರತ್ಯೇಕ ಬುಕ್‌ಮಾರ್ಕ್ ಸಿಕ್ಕಿದ್ದು 2018ರಲ್ಲಿ. ಆದ್ದರಿಂದ ಐಕಾನ್ ಬದಲಿಸುವ ಮುನ್ನ, ಜನ ಅದರಿಂದ ಯಾವ ಯಾವ ಕೆಲಸ ಮಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಿಸಲೇಬೇಕು.

ಹೃದಯವೂ ಎಲ್ಲ ಕಡೆ ಒಪ್ಪಲಿಲ್ಲ. ನಿಧನದ ಸುದ್ದಿಯೊಂದರ ಮುಂದೆ ಒಬ್ಬರ ಹೆಬ್ಬೆರಳು ಹೃದಯದ ಮೇಲೆ ಬಂದು ನಿಂತಿತು, ಒತ್ತದೆ ಹಿಂದೆ ಸರಿಯಿತು. ಫೇಸ್‌ಬುಕ್ 2016ರಲ್ಲಿ ಲೈಕ್‌ನ ಜೊತೆಗೆ ದುಃಖ, ಕೋಪ ಮುಂತಾದ ಪ್ರತಿಕ್ರಿಯೆಗಳನ್ನು ಸೇರಿಸಿದ್ದು ಎಷ್ಟು ಅಗತ್ಯವಾಗಿತ್ತು ಎಂಬುದು ನನಗೆ ಆ ಕ್ಷಣ ಮನವರಿಕೆಯಾಯಿತು.

ಮೆನುವಿನ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ: ಕಣ್ಣಿಗೆ ಕಾಣುತ್ತಿದ್ದುದನ್ನು ಒತ್ತಿದರು, ಅಡಗಿದ್ದುದನ್ನು ಮರೆತರು.

ಪೋಸ್ಟ್‌ಗಳ ಕ್ರಮದ ತೀರ್ಮಾನ ಅಷ್ಟು ಸುಲಭವಾಗಿರಲಿಲ್ಲ. ನಾಲ್ಕು ದಿನ ಆ್ಯಪ್ ತೆರೆಯದೆ ಬಂದವರಿಗೆ ಮೊದಲ ಮಾದರಿಯೇ ಹಿತವೆನಿಸಿತು. ಮುಖ್ಯವಾದದ್ದು ಮೇಲೆಯೇ ಸಿಕ್ಕಿತ್ತು. ದಿನವೂ ಬರುವವರು ಮಾತ್ರ, ಬೆಳಿಗ್ಗೆ ಕಂಡ ಪೋಸ್ಟ್ ಸಂಜೆ ಇದ್ದಲ್ಲಿಲ್ಲದೆ, ಕೆಳಗೆ ಸ್ಕ್ರಾಲ್ ಮಾಡಿ ಮಾಡಿ ಬೇಸತ್ತರು. ಇನ್‌ಸ್ಟಾಗ್ರಾಮ್ 2016ರಲ್ಲಿ ಕಾಲಾನುಕ್ರಮವನ್ನು ಬಿಟ್ಟು, 2022ರಲ್ಲಿ ಅದನ್ನು ಆಯ್ಕೆಯಾಗಿ ಮರಳಿ ಕೊಟ್ಟಿತು. ನಾನು ಕಾಲಾನುಕ್ರಮವನ್ನೇ ಮೊದಲ ಪರದೆಯಾಗಿ ಉಳಿಸಿಕೊಂಡು, ಆಯ್ದ ಪೋಸ್ಟ್‌ಗಳನ್ನು ‘ನೀವಿಲ್ಲದಾಗ’ ಎಂಬ ಬೇರೆ ಟ್ಯಾಬ್‌ಗೆ ಸರಿಸಿದ್ದೇನೆ. ಹೃದಯದ ಪಕ್ಕದಲ್ಲಿ ಈಗ ಬುಕ್‌ಮಾರ್ಕ್ ಇದೆ; ಸಂತಾಪಕ್ಕೆ ಯಾವ ಚಿಹ್ನೆ ಒಪ್ಪುತ್ತದೆ ಎಂಬುದನ್ನು ಇನ್ನೂ ಪರೀಕ್ಷಿಸುತ್ತಿದ್ದೇನೆ.